ಪಬ್ಬಿಗೆ ಬೀಗ ಬಿತ್ತು, ಖಜಾನೆಗೆ ಎಷ್ಟು ಪೆಟ್ಟಾಯ್ತು? 2020-21ರ ಲೆಕ್ಕ ನೋಡೋಣ ಬನ್ನಿ

ಹಳೇ ಲೆಕ್ಕಿಗ (ಚರ್ಚೆ ಶುರು ಮಾಡಿದವರು)

ಮೊನ್ನೆ ಮನೆ ಬದಲಾಯಿಸುವಾಗ ಅಟ್ಟದಿಂದ ಒಂದು ರಟ್ಟಿನ ಡಬ್ಬ ಇಳಿಸಿದೆ. ಒಳಗೆ ನಾನು ಏಳು ವರ್ಷ ಲೆಕ್ಕ ಬರೆದ ಪಬ್ಬಿನ ಕೊನೆಯ ಎರಡು ವರ್ಷದ ಕಾಗದ. ಇಂದಿರಾನಗರದ ಅಡ್ಡರಸ್ತೆ, ಎರಡನೇ ಮಹಡಿ, ನೂರಿಪ್ಪತ್ತು ಕುರ್ಚಿ. ಹೆಸರು ಬೇಡ, ಈಗ ಅಲ್ಲಿ ಕನ್ನಡಕದ ಅಂಗಡಿ ಇದೆ.

ಸೇಲ್ಸ್ ಪುಸ್ತಕದಲ್ಲಿ 2020ರ ಮಾರ್ಚ್ 13, ಶುಕ್ರವಾರದ ಮೊತ್ತ ಇದೆ. ಅವತ್ತೇ ಯಡಿಯೂರಪ್ಪನವರು ಕೊರೊನಾ ಅಂತ ಮಾಲ್, ಥಿಯೇಟರ್, ಪಬ್ ಎಲ್ಲ ಒಂದು ವಾರ ಬಂದ್ ಅಂದಿದ್ದು. ಇಡೀ ದೇಶದ ಲಾಕ್‌ಡೌನ್‌ಗಿಂತ ಹತ್ತು ದಿನ ಮೊದಲೇ ನಮ್ಮದು ಮುಚ್ಚಿತ್ತು. ಒಂದೇ ವಾರ ತಾನೆ ಅಂತ ಮಾಲೀಕರು ಕೋಲ್ಡ್ ರೂಮ್ ಕೂಡ ಆಫ್ ಮಾಡಿಸಲಿಲ್ಲ. ಮುಂದಿನ ಮೊತ್ತ ಸೆಪ್ಟೆಂಬರ್ 1ರದ್ದು. ನಡುವೆ 171 ದಿನ ಖಾಲಿ.

ಪೂರ್ತಿ ಖಾಲಿ ಅಂತಲ್ಲ. ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆದಿದ್ದೀನಿ: 'ಮೇ 9-17, ಎಂಆರ್‌ಪಿ'. ಗೋಡೌನ್‌ನಲ್ಲಿ ಉಳಿದ ಮಾಲನ್ನು ಬಾಟಲಿ ಲೆಕ್ಕದಲ್ಲಿ ಪಾರ್ಸೆಲ್ ಮಾರಿಕೊಳ್ಳಿ ಅಂತ ಬಾರು, ಪಬ್ಬುಗಳಿಗೆ ಬಿಟ್ಟ ಒಂಬತ್ತು ದಿನ ಅದು. ಪೆಗ್ ಲೆಕ್ಕದಲ್ಲಿ ಮೂರು ಪಟ್ಟು ಹುಟ್ಟಬೇಕಾದ ಸ್ಕಾಚ್ ಎಂಆರ್‌ಪಿಗೆ ಹೋಯ್ತು. ಯಾವತ್ತೂ ನಮ್ಮ ಮೆಟ್ಟಿಲು ಹತ್ತದ ಜನ ಅವತ್ತು ಕೆಳಗೆ ಫುಟ್‌ಪಾತಿನಲ್ಲಿ ಸುಣ್ಣದ ವೃತ್ತದೊಳಗೆ ಚೀಲ ಹಿಡಿದು ನಿಂತಿದ್ದರು. ಡ್ರಾಫ್ಟ್ ಬಿಯರ್ ಕತೆ ಬೇರೆ. ಹನ್ನೊಂದು ಕೆಗ್ (ಬಿಯರ್ ಪೀಪಾಯಿ) ಅನುಮತಿ ತಗೊಂಡು ಮೋರಿಗೆ ಸುರಿದೆವು. ವಾಸನೆ ಎರಡು ದಿನ ಹೋಗಲಿಲ್ಲ. ಪಕ್ಕದ ಮನೆಯ ಅಜ್ಜಿ ಬಂದು ಬೈದು ಹೋದರು.

ಆಗ ನಾವೆಲ್ಲ ಹೇಳ್ತಿದ್ದ ಮಾತು ಒಂದೇ: 'ಪಬ್ ಮುಚ್ಚಿಸಿ ಸರ್ಕಾರ ತನ್ನ ಹೊಟ್ಟೆ ಮೇಲೆ ತಾನೇ ಹೊಡ್ಕೊಳ್ತಿದೆ, ಇವತ್ತಲ್ಲ ನಾಳೆ ನಮ್ಮ ಹತ್ರ ಬರಲೇಬೇಕು.' ಈಗ ಈ ಕಾಗದ ಹರಡಿಕೊಂಡು ಕೂತರೆ ಹಾಗನ್ನಿಸ್ತಿಲ್ಲ. ಹೊಡೆತ ಬಿದ್ದ ಹೊಟ್ಟೆ ನಮ್ಮದು ಮಾತ್ರ. ಗೊತ್ತಿದ್ದವರು ಹೇಳಿ, ರಾಜ್ಯದ ಖಜಾನೆಗೆ ನಿಜಕ್ಕೂ ಎಷ್ಟು ಪೆಟ್ಟಾಯ್ತು?

ಚರ್ಚ್ ಸ್ಟ್ರೀಟ್ ಹಳಬ

ಎರಡನೇ ಮಹಡಿ, ಕಿಟಕಿ ಪಕ್ಕ ಒಂದು ಆಲದ ಕೊಂಬೆ ಬಂದಿತ್ತಲ್ಲ, ಅದೇನಾ ಗುರು? ದಪ್ಪ ಗಾಜಿನ ಮಗ್‌ನಲ್ಲಿ ಬಿಯರ್ ಕೊಡ್ತಿದ್ರು. ಹೌದಾದ್ರೆ ನಾನು ಅಲ್ಲಿ ಸುಮಾರು ಸಂಬಳ ಸುರಿದಿದ್ದೀನಿ.

ನಿಮ್ಮ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ. 1989ರಲ್ಲಿ ಪೆಕೋಸ್ ಪಬ್ ಶುರುವಾದ ಕಾಲದಿಂದ ನೋಡಿದವನು, 'ಪಬ್ ನಗರಿ' ಅಂತ ಬೆಂಗಳೂರನ್ನ ಹೊಗಳಿದ್ದೂ ನೋಡಿದೀನಿ, ಬೈದಿದ್ದೂ ನೋಡಿದೀನಿ. ರಾತ್ರಿ ಹನ್ನೊಂದೂವರೆಗೆ ಲೈಟ್ ಆರಿಸಿ ಓಡಿಸ್ತಿದ್ದ ಕಾಲವೂ ಗೊತ್ತು. ಐದೂವರೆ ತಿಂಗಳು ಬೀದಿಗೆ ಬೀದಿಯೇ ಮಲಗಿದ್ದು ಮಾತ್ರ ಅದೇ ಮೊದಲು.

ಬಜೆಟ್ ಹಾಳೆ

ಲೆಕ್ಕಿಗರೇ, ನಿಮ್ಮ ಅನುಮಾನ ಸರಿ ಇದೆ. ಅಂಕಿ ಇಡ್ತೀನಿ.

2019-20ರಲ್ಲಿ ರಾಜ್ಯದ ಅಬಕಾರಿ ಆದಾಯ ಸುಮಾರು 21,500 ಕೋಟಿ. 2020ರ ಮಾರ್ಚ್ 5ರ ಬಜೆಟ್‌ನಲ್ಲಿ ಸುಂಕ ಶೇ. 6 ಏರಿಸಿ 22,700 ಕೋಟಿ ಗುರಿ ಇಟ್ಟರು. ಆಮೇಲೆ ಆಗಿದ್ದು ಎಲ್ಲರಿಗೂ ಗೊತ್ತು: ಪಬ್ಬಿಗೆ 171 ದಿನ ಬೀಗ, ವೈನ್ ಶಾಪಿಗೂ ನಲವತ್ತು ದಿನ ಬೀಗ. ವರ್ಷದ ಕೊನೆಗೆ ಬಂದಿದ್ದೆಷ್ಟು? ಸುಮಾರು 23,300 ಕೋಟಿ. ಗುರಿ ದಾಟಿತು ಸಾರ್! ಅದರ ಮುಂದಿನ ವರ್ಷ, ಎರಡನೇ ಅಲೆ ಬಂದು ಪಬ್ಬುಗಳು ಮತ್ತೆ ಐದು ತಿಂಗಳು ಮುಚ್ಚಿದ್ದ 2021-22ರಲ್ಲಿ, 26,000 ಕೋಟಿ ದಾಟಿತು.

ಅದೇ ಹೊತ್ತಿಗೆ ಉಳಿದ ಬಾಬತ್ತುಗಳು ನೆಲ ಕಚ್ಚಿದ್ದವು. 2020ರ ಏಪ್ರಿಲ್‌ನಲ್ಲಿ ನೋಂದಣಿ ಕಚೇರಿ ಬಾಗಿಲು ಹಾಕಿತ್ತು, ವಾಹನ ಮಾರಾಟ ಇಲ್ಲ, ಪೆಟ್ರೋಲ್ ಬಂಕ್ ಖಾಲಿ, ಜಿಎಸ್‌ಟಿ ಕುಸಿದಿತ್ತು. ಜಿಎಸ್‌ಟಿ ಪರಿಹಾರ ಕೇಳಿದ್ರೆ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವೆ 'ದೇವರ ಆಟ' ಅಂದರು. ಕೊನೆಗೆ ರಾಜ್ಯದವರು ತಮ್ಮ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನೇ ತಿದ್ದಿ ಸಾಲದ ಮಿತಿಯನ್ನ ಜಿಎಸ್‌ಡಿಪಿಯ (ರಾಜ್ಯದ ಒಟ್ಟು ಉತ್ಪನ್ನ) ಶೇ. 3ರಿಂದ 5ಕ್ಕೆ ಏರಿಸಿಕೊಂಡರು. ಅಂಥ ವರ್ಷದಲ್ಲಿ ತಲೆ ಎತ್ತಿ ನಿಂತ ದೊಡ್ಡ ಬಾಬತ್ತು ಎಣ್ಣೆ. ರಾಜ್ಯದ ಸ್ವಂತ ತೆರಿಗೆಯಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇದರದ್ದೇ.

2020ರ ಮೇ 4ರಂದು ವೈನ್ ಶಾಪ್ ತೆಗೆದ ಮೊದಲ ದಿನ 45 ಕೋಟಿ ವ್ಯಾಪಾರ. ಮಾರನೇ ದಿನ 197 ಕೋಟಿ, ಆವರೆಗಿನ ದಾಖಲೆ. ಆದ್ರೆ ಆ 197 ಕೋಟಿಯನ್ನ ಒಡೆದು ನೋಡಿ. ವಿಸ್ಕಿ, ಬ್ರಾಂದಿ, ರಮ್ ಸೇರಿ 182 ಕೋಟಿ. ಬಿಯರ್ ಬರೀ 15 ಕೋಟಿ. ಪಬ್ಬಿನ ಜೀವಾಳ ಯಾವುದು, ಖಜಾನೆಯ ಜೀವಾಳ ಯಾವುದು ಅನ್ನೋದು ಈ ಎರಡು ಅಂಕಿಯಲ್ಲೇ ಇದೆ.

ಹಳೇ ಲೆಕ್ಕಿಗ

ಆ 15 ಕೋಟಿ ಅಂಕಿ ನನಗೆ ಗೊತ್ತೇ ಇರಲಿಲ್ಲ. ಈಗ ಒಂದು ವಿಷಯ ಜೋಡಣೆ ಆಯ್ತು.

ಹೊರಗಿನವರಿಗೆ ಗೊತ್ತಿಲ್ಲದೇ ಇರಬಹುದು, ಹೇಳ್ತೀನಿ. ಕರ್ನಾಟಕದಲ್ಲಿ ಎಣ್ಣೆ ಮೇಲಿನ ತೆರಿಗೆ ಗಿರಾಕಿ ಗ್ಲಾಸ್ ಎತ್ತುವ ಹೊತ್ತಿಗೆ ಹುಟ್ಟೋದಲ್ಲ. 2003ರಿಂದ ರಾಜ್ಯದಲ್ಲಿ ಸಗಟು ಮಾರಾಟ ಪೂರ್ತಿ ಸರ್ಕಾರದ್ದೇ ಪಾನೀಯ ನಿಗಮದ ಕೈಯಲ್ಲಿದೆ. ನಾವು ಮೊದಲು ದುಡ್ಡು ಕಟ್ಟಬೇಕು, ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಬೇಕು, ಡಿಪೋದಿಂದ ಲೋಡ್ ಬರಬೇಕು. ಪೆಟ್ಟಿಗೆ ನಮ್ಮ ಬಾಗಿಲಿಗೆ ಬರೋ ಹೊತ್ತಿಗೆ ಸರ್ಕಾರದ ಪಾಲು ಸರ್ಕಾರಕ್ಕೆ ಸೇರಿ ಆಗಿರುತ್ತೆ. ಮೊದಲು ನಮ್ಮ ಬಿಲ್ಲಿನ ಮೇಲೆ ವ್ಯಾಟ್ ಇತ್ತು, 2017ರ ಏಪ್ರಿಲ್‌ನಿಂದ ಅದನ್ನೂ ತೆಗೆದು ಅಬಕಾರಿ ಸುಂಕಕ್ಕೇ ಸೇರಿಸಿದರು. ಹಾಗಾಗಿ ಒಂದು ಬಾಟಲಿ ರಮ್ಮನ್ನ ನೀವು ನಮ್ಮ ಪಬ್ಬಿನಲ್ಲಿ ಕುಡೀರಿ, ಮನೆ ಟೆರೇಸ್ ಮೇಲೆ ಕುಡೀರಿ, ಸರ್ಕಾರಕ್ಕೆ ಸಿಗೋ ಸುಂಕ ಒಂದೇ.

ನಾವು ಹೋಟೆಲಿನವರು ಅಂದ್ಕೊಂಡಿದ್ವಿ. ಸರ್ಕಾರದ ಕಣ್ಣಲ್ಲಿ ನಾವು ಬಾಟಲಿ ಖಾಲಿ ಮಾಡಿಸುವ ಸಾವಿರಾರು ಜಾಗಗಳಲ್ಲಿ ಒಂದು. ಜಾಗ ಮುಚ್ಚಿದರೆ ಬಾಟಲಿ ಬೇರೆ ಕಡೆ ಖಾಲಿ ಆಗುತ್ತೆ.

ನಮ್ಮ ಊಟದ ಬಿಲ್ಲಿನ ಶೇ. 5 ಜಿಎಸ್‌ಟಿ ಹೋಯ್ತು, ನಿಜ. ಅದು ಖಜಾನೆಗೆ ಸೊಳ್ಳೆ ಕಚ್ಚಿದ ಹಾಗೆ. ನಮಗೆ ಆ ಶೇ. 5ರಲ್ಲಿ ಇನ್‌ಪುಟ್ ಕ್ರೆಡಿಟ್ (ನಾವು ಕೊಂಡಾಗ ಕಟ್ಟಿದ ತೆರಿಗೆ ಕಳೆದುಕೊಳ್ಳೋ ಸೌಲಭ್ಯ) ಇಲ್ಲ, ಅಂದ್ರೆ ಬಾಡಿಗೆ ಮೇಲೆ ಕಟ್ಟುವ ಶೇ. 18 ಜಿಎಸ್‌ಟಿ ಪೂರ್ತಿ ಕೈಯಿಂದಲೇ. ಬಾಗಿಲು ಮುಚ್ಚಿದ್ದಾಗಲೂ ಬಾಡಿಗೆ ನಡೀತಿತ್ತು, ಆ ಶೇ. 18 ಕೂಡ ನಡೀತಿತ್ತು. ಕಟ್ಟಡದ ಯಜಮಾನರು ಮೂರು ತಿಂಗಳು ಅರ್ಧ ಬಾಡಿಗೆ ಸಾಕು ಅಂದರು. ಅವರೂ ಬ್ಯಾಂಕ್ ಸಾಲದಲ್ಲೇ ಇದ್ದೋರು, ಅವರನ್ನ ಬೈಯಲ್ಲ. ಅಬಕಾರಿ ವರ್ಷ ಜುಲೈನಿಂದ ಜೂನ್. ಲೈಸೆನ್ಸ್ ನವೀಕರಣದ ಹೊತ್ತಿಗೆ ನಮ್ಮ ಬಾಗಿಲಿಗೆ ಬೀಗ ಇತ್ತು.

@ಚರ್ಚ್ ಸ್ಟ್ರೀಟ್ ಹಳಬ: ಆಲ ಅಲ್ಲ, ಗುಲ್‌ಮೊಹರ್. ಹೌದು, ಅದೇ.

ಕುಂದಾಪ್ರ ಕಡೆಯವ

ನಾನು ಎಂ.ಜಿ. ರೋಡ್ ಹತ್ರದ ಒಂದು ಬಾರಲ್ಲಿ ಕ್ಯಾಪ್ಟನ್ (ವೇಟರುಗಳ ಮೇಲಿನವ) ಆಗಿದ್ದೆ. ಸಂಬಳ 15 ಸಾವಿರ, ಟಿಪ್ಸ್ ಹೆಚ್ಚುಕಡಿಮೆ ಅಷ್ಟೇ. ಮಾರ್ಚ್ ಸಂಬಳ ಪೂರ್ತಿ ಕೊಟ್ರು, ಏಪ್ರಿಲ್ ಅರ್ಧ, ಆಮೇಲೆ 'ಊರಲ್ಲೇ ಇರು, ಕರೀತೇವೆ' ಅಂತ ಮೆಸೇಜು. ಟಿಪ್ಸಿಗೆ ಅರ್ಧವೂ ಇಲ್ಲ, ಕಾಲೂ ಇಲ್ಲ. ಅದನ್ನ ಯಾವ ಪುಸ್ತಕದಲ್ಲೂ ಬರೆಯುದಿಲ್ಲ ಮಾರಾಯ್ರೆ, ನಮ್ಮ ಅರ್ಧ ಆದಾಯ ಅದೇ.

ಮೇ 6ಕ್ಕೆ 1,610 ಕೋಟಿ ಪ್ಯಾಕೇಜ್ ಹೇಳಿದ್ರಲ್ಲ, ಆ ದಿನ ಟಿವಿ ಮುಂದೆ ಕೂತಿದ್ದೆ. ಕ್ಷೌರಿಕರಿಗೆ, ಆಟೋ-ಟ್ಯಾಕ್ಸಿ ಓಡಿಸುವವರಿಗೆ 5,000. ಮಡಿವಾಳರಿಗೆ, ಹೂ ಬೆಳೆಯುವವರಿಗೆ, ನೇಕಾರರಿಗೆ ಇಷ್ಟಿಷ್ಟು. ಒಳ್ಳೇದೇ, ಬೇಡ ಅಂತಲ್ಲ. ಬಾರಿನ ವೇಟರ್ ಹೆಸರು ಬರುತ್ತಾ ಅಂತ ಕಾದೆ. ಬಂದದ್ದು ಎಂತ? ಅದೇ ಮಾತಿನ ಜೊತೆಗೆ ಎಣ್ಣೆ ಮೇಲೆ ಸುಂಕ ಇನ್ನೂ ಏರಿಸ್ತೇವೆ ಅಂತ. ಎಣ್ಣೆ ಬೇಕು, ಬಡಿಸಿದವ ಬೇಡ!

ನಮ್ಮ ಜೊತೆ ಅಸ್ಸಾಮಿನ ನಾಲ್ಕು, ಒಡಿಶಾದ ಇಬ್ಬರು ಹುಡುಗರಿದ್ರು. ಶ್ರಮಿಕ್ ರೈಲಿಗೆ ಹೆಸರು ಬರೆಸಿ ಕಾದಿದ್ರು. ಅದೇ ವಾರ ರೈಲೇ ಕ್ಯಾನ್ಸಲ್ ಅಂದ್ರು, ಬೈಗುಳ ಬಿದ್ದ ಮೇಲೆ ಮತ್ತೆ ಬಿಟ್ರು. ಆ ಆರು ಜನರಲ್ಲಿ ಸೆಪ್ಟೆಂಬರಿಗೆ ವಾಪಸ್ ಬಂದವ ಒಬ್ಬ. ನಾನು ಹೋಗಲೇ ಇಲ್ಲ. ಈಗ ಊರಲ್ಲಿ ಹೆದ್ದಾರಿ ಬದಿ ಮೀನೂಟದ ಹೋಟ್ಲು, ಹತ್ತು ಟೇಬಲ್. ಎಣ್ಣೆ ಸಹವಾಸ ಇಲ್ಲ.

ಲಿಂಗಸುಗೂರಿನ ಅಕ್ಕ

ನೀವೆಲ್ಲಾ ಬೆಂಗಳೂರಾಗ ಕುಂತು ಪಬ್ಬು, ಕೆಗ್ಗು ಅಂತ ಮಾತಾಡಾಕತ್ತೀರಿ, ಇರ್ಲಿ. ನಮ್ಮೂರಾಗ ಪಬ್ಬೂ ಇಲ್ಲ ಏನೂ ಇಲ್ಲ. ಇರೋದು ಕಿರಾಣಿ ಅಂಗಡ್ಯಾಗ, ಪಾನ್ ಡಬ್ಬ್ಯಾಗ ಕದ್ದು ಮಾರೂ ಪಾಕೀಟು. 2007ರಾಗ ಸಾರಾಯಿ ಬಂದ್ ಮಾಡಿದ್ರು, ಆದ್ರ ಅದರ ಜಾಗಕ್ಕ ಇದು ಬಂತು.

ನಾನೂ ಒಂದು ಲೆಕ್ಕದ ಪುಸ್ತಕ ಬರೀತೀನ್ರಿ, ನಮ್ಮ ಸ್ವಸಹಾಯ ಸಂಘದ್ದು. ಹದಿನಾಕು ಮಂದಿ ಅದೀವಿ, ವಾರಕ್ಕ ಐವತ್ತು ರೂಪಾಯಿ ಉಳಿತಾಯ. 2020ರ ಏಪ್ರಿಲ್‌ದಾಗ ಕೂಲಿ ಕೆಲಸ ಇಲ್ಲ, ಸಂತಿ ಇಲ್ಲ. ಆದ್ರೂ ಮೂರನೇ ವಾರ ಹನ್ನೊಂದು ಮಂದಿ ರೊಕ್ಕ ಕಟ್ಟ್ಯಾರ. ಮೊದಲನೇ ವಾರ ಓಣ್ಯಾಗ ಗಂಡಸರು ಕೈ ನಡುಗಿಸ್ಕೋಂತ ಅಡ್ಡಾಡಿದ್ರು, ಆಮ್ಯಾಲ ಸುಮ್ಮನಾದ್ರು. ರಾತ್ರಿ ಜಗಳದ ಸಪ್ಪಳ ಇಲ್ಲ. ಮೇ 4ಕ್ಕ ಅಂಗಡಿ ತೆಗೆದ್ರು. ಮೇ ಎರಡನೇ ವಾರ ನನ್ನ ಪುಸ್ತಕದಾಗ ಕಟ್ಟಿದೋರು ಐದು ಮಂದಿ. ಆ ವಾರಾನೇ ನರೇಗಾ ಕೆಲಸ ಶುರು ಆಗಿತ್ತು, ಕೂಲಿ ಬಂದಿತ್ತು. ಆ ರೊಕ್ಕ ಎಲ್ಲಿ ಹೋತು?

ಈ ಅಣ್ಣಾವ್ರು 23,300 ಕೋಟಿ ಬಂತು ಅಂತ ಬರದಾರ. ಅದು ಮ್ಯಾಲಿಂದ ಉದುರಿಲ್ಲ. ನಮ್ಮಂಥ ಪುಸ್ತಕದಾಗ ಖಾಲಿ ಬಿಟ್ಟ ಮನಿಗಳ ರೊಕ್ಕ ಅದು. 2019ರ ಜನವರಿದಾಗ ಮದ್ಯ ನಿಷೇಧ ಮಾಡ್ರಿ ಅಂತ ಚಿತ್ರದುರ್ಗದಿಂದ ಬೆಂಗಳೂರತನಕ ನಡಕೋಂತ ಬಂದಿದ್ವಿ ನಾವು, ಸಾವಿರಾರು ಹೆಣ್ಮಕ್ಕಳು. ಕಾಲಾಗ ಬೊಬ್ಬಿ ಎದ್ದಿದ್ವು. ಖಜಾನಿ ನಡೀಬೇಕಲ್ಲವಾ ಅಂದ್ರು ದೊಡ್ಡೋರು. ಕೊರೊನಾ ಬಂದು ನಲವತ್ತು ದಿನ ಮಾಡಿ ತೋರಿಸ್ತು ನೋಡ್ರಿ. ಸತ್ತು ಹೋಗಲಿಲ್ಲ ಯಾರೂ.

ನೈಂಟಿ ನಾಗರಿಕ

ಅಕ್ಕಾ ಗೌರವದಿಂದಲೇ ಹೇಳ್ತೀನಿ, ಸತ್ತವರಿದ್ದಾರೆ. ಎಣ್ಣೆ ಸಿಗದೆ ಆತ್ಮಹತ್ಯೆ ಮಾಡ್ಕೊಂಡ ಸುದ್ದಿ ಆ ಏಪ್ರಿಲ್‌ನಲ್ಲಿ ನಮ್ಮಲ್ಲೂ ಬಂತು, ಕೇರಳದಲ್ಲೂ ಬಂತು. ಕೇರಳ ಸರ್ಕಾರ ಡಾಕ್ಟರ್ ಚೀಟಿ ಇದ್ರೆ ಎಣ್ಣೆ ಕೊಡ್ತೀವಿ ಅಂತ ಆದೇಶ ಮಾಡಿ, ಅಲ್ಲಿನ ಹೈಕೋರ್ಟ್ ತಡೆ ಕೊಡ್ತು. ಚಟ ಹತ್ತಿದವನಿಗೆ ದಿಢೀರ್ ನಿಲ್ಲಿಸಿದ್ರೆ ಫಿಟ್ಸ್ ಬರುತ್ತೆ, ಅದು ಆಟ ಅಲ್ಲ.

ಇನ್ನೊಂದು. ರೇಟು ಏರಿಸಿದ್ರಲ್ಲ, ಅದು ಕುಡಿಯೋದನ್ನ ಕಮ್ಮಿ ಮಾಡ್ಸೋಕೆ ಅಂತ ಯಾರೂ ನಂಬಬೇಡಿ. ದೆಹಲಿಯವರು ಮೇ 5ರಿಂದ ಶೇ. 70 'ವಿಶೇಷ ಕೊರೊನಾ ಶುಲ್ಕ' ಅಂತ ಜಡಿದು, ವ್ಯಾಪಾರ ಬಿದ್ದು ಹೋದಾಗ ಜೂನ್‌ನಲ್ಲಿ ತಾವೇ ತೆಗೆದರು. ನಮ್ಮವರು ಜಾಣರು, ಗಿರಾಕಿ ಓಡಿ ಹೋಗದಷ್ಟೇ ಏರಿಸಿದ್ರು.

ಲಿಂಗಸುಗೂರಿನ ಅಕ್ಕ

ಹಂಗಾರ ದವಾಖಾನಿ ತೆಗೀಬೇಕಿತ್ತು ತಮ್ಮಾ, ಅಂಗಡಿ ಅಲ್ಲ.

ಲೀಡ್ಸ್ ಮಳೆ

ಇಂಗ್ಲೆಂಡಿನಿಂದ ಒಂದು ಹೋಲಿಕೆ. 2017ರಿಂದ ಇಲ್ಲಿದ್ದೀನಿ. ಮೂಲ ಮಂಡ್ಯ.

ಇಲ್ಲಿ ಪಬ್ ಅಂದ್ರೆ ನಮ್ಮೂರಿನ ಅರಳೀಕಟ್ಟೆ ಇದ್ದ ಹಾಗೆ. 2020ರ ಮಾರ್ಚ್ 20ರ ರಾತ್ರಿ ಬೋರಿಸ್ ಜಾನ್ಸನ್ ಎಲ್ಲ ಮುಚ್ಚಿ ಅಂದಾಗ ನಮ್ಮ ಬೀದಿ ಕೊನೆಯ ಪಬ್ಬಿನ ಮುದುಕ ಸೀಮೆಸುಣ್ಣದ ಬೋರ್ಡ್ ಅಳಿಸಿ, ಬರೀ ದಿನಾಂಕ ಬರೆದು ಒಳಗಿಟ್ಟ. ಅದೇ ದಿನ ಹಣಕಾಸು ಸಚಿವ ರಿಷಿ ಸುನಕ್ ಫರ್ಲೋ ಯೋಜನೆ ಹೇಳಿದ್ರು: ಕೆಲಸದಿಂದ ತೆಗೀಬೇಡಿ, ಸಂಬಳದ ಶೇ. 80, ತಿಂಗಳಿಗೆ 2,500 ಪೌಂಡಿನವರೆಗೆ ಸರ್ಕಾರ ಕೊಡುತ್ತೆ ಅಂತ. ಕುಂದಾಪ್ರದ ಅಣ್ಣ ಇಲ್ಲಿದ್ದಿದ್ರೆ ಮನೇಲಿ ಕೂತು ಸಂಬಳ ಬರ್ತಿತ್ತು. ಅದು 2021ರ ಸೆಪ್ಟೆಂಬರ್ ಕೊನೆವರೆಗೆ ನಡೀತು, ಖರ್ಚು ಸುಮಾರು 70 ಬಿಲಿಯನ್ ಪೌಂಡ್. ಪಬ್ಬಿನವರಿಗೆ ಕಟ್ಟಡ ತೆರಿಗೆ ಮನ್ನಾ. 2020ರ ಜುಲೈನಿಂದ ಊಟದ ಮೇಲಿನ ವ್ಯಾಟ್ 20ರಿಂದ 5ಕ್ಕೆ. ಆಗಸ್ಟ್‌ನಲ್ಲಿ ಸೋಮವಾರದಿಂದ ಬುಧವಾರ ಹೋಗಿ ಉಂಡ್ರೆ ತಲೆಗೆ 10 ಪೌಂಡಿನವರೆಗೆ ಅರ್ಧ ಬಿಲ್ ಸರ್ಕಾರದ್ದು. ನಾನೇ ಆ ತಿಂಗಳು ನಾಲ್ಕು ಸಲ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ.

ಇದಕ್ಕೆಲ್ಲ ದುಡ್ಡು ಎಲ್ಲಿಂದ? ಸಾಲ. 2020-21ರಲ್ಲಿ ಈ ದೇಶ 300 ಬಿಲಿಯನ್ ಪೌಂಡಿಗೂ ಮೇಲೆ ಸಾಲ ಎತ್ತಿತು. ಪಬ್ಬು ಅದರಲ್ಲಿ ಒಂದು ಚೂರು, ಆದರೆ ಪಬ್ ಮುಚ್ಚಿದ್ರೆ ಇಲ್ಲಿನ ಖಜಾನೆಗೆ ಎರಡೂ ಕಡೆಯಿಂದ ಏಟು: ವ್ಯಾಟ್ ಬರಲ್ಲ, ಸಂಬಳದ ಮೇಲಿನ ತೆರಿಗೆ ಬರಲ್ಲ, ಮೇಲಿಂದ ಪರಿಹಾರ ಕೊಡಬೇಕು.

ಆದರೆ ತಮಾಷೆ ಕೇಳಿ. ಮದ್ಯದ ಮೇಲಿನ ಸುಂಕ ಮಾತ್ರ ಇಲ್ಲೂ ಬೀಳಲಿಲ್ಲ, ಚೂರು ಏರಿತು! ಸೂಪರ್ ಮಾರ್ಕೆಟ್ಟಿನಿಂದ ವೈನು, ವಿಸ್ಕಿ ಹೊತ್ಕೊಂಡು ಹೋದ್ರು ಜನ. ಲೆಕ್ಕಿಗರು ಹೇಳಿದ ಟೆರೇಸ್ ಕತೆಯೇ. ಜೊತೆಗೆ, ಬರೀ ಕುಡಿತದಿಂದಲೇ ಆಗುವ ಸಾವು 2020ರಲ್ಲಿ ಹಿಂದಿನ ವರ್ಷಕ್ಕಿಂತ ಶೇ. 18ಕ್ಕೂ ಹೆಚ್ಚು ಏರಿ ಸುಮಾರು 9,000 ಆಯ್ತು. ಪಬ್ಬಿನಲ್ಲಾದ್ರೆ 'ಸಾಕು ಎದ್ದೇಳು' ಅನ್ನೋಕೆ ಒಬ್ಬ ಇರ್ತಾನೆ, ಮನೆಯ ಸೋಫಾ ಮೇಲೆ ಯಾರಿದ್ದಾರೆ?

ನಿಯಮಗಳ ಹುಚ್ಚಾಟ ಇಲ್ಲೂ ಕಮ್ಮಿ ಇರಲಿಲ್ಲ. ಡಿಸೆಂಬರ್‌ನಲ್ಲಿ ಕೆಲವು ಊರುಗಳಲ್ಲಿ 'ಹೊಟ್ಟೆ ತುಂಬುವ ಊಟ' ತಗೊಂಡ್ರೆ ಮಾತ್ರ ಬಿಯರ್ ಅಂದ್ರು. ಮೊಟ್ಟೆಯ ಸುತ್ತ ಖೀಮಾ ಮೆತ್ತಿ ಕರಿದ ಒಂದು ಉಂಡೆ ಇದೆ, ಸ್ಕಾಚ್ ಎಗ್ ಅಂತ. ಅದು ಊಟವೋ ತಿಂಡಿಯೋ ಅಂತ ಮಂತ್ರಿಗಳೇ ಟಿವಿಯಲ್ಲಿ ಕೂತು ಚರ್ಚೆ.

ಬಜೆಟ್ ಹಾಳೆ

@ಲೀಡ್ಸ್ ಮಳೆ: ಇದೇ ನಾನು ಹೇಳಬೇಕು ಅಂತಿದ್ದ ಮಾತು. ಅಲ್ಲಿ ಪಬ್ ಮುಚ್ಚಿದ್ರೆ ಸರ್ಕಾರಕ್ಕೆ ನೋವಾಗ್ತಿತ್ತು, ಅದಕ್ಕೇ ತೆಗೆಸೋಕೆ ಅವಸರ ಮಾಡಿತು, ತಪ್ಪನ್ನೂ ಮಾಡಿತು. ನಮ್ಮಲ್ಲಿ ನೋವಾಗ್ತಿದ್ದಿದ್ದು ವೈನ್ ಶಾಪ್ ಮುಚ್ಚಿದ್ರೆ. ಅದು ಮೇ 4ಕ್ಕೇ ತೆಗೀತು. ಪಬ್ ಸೆಪ್ಟೆಂಬರ್‌ವರೆಗೆ ಕಾಯಬಹುದಿತ್ತು, ಕಾಯಿಸಿದರು. 2021ರ ಮೇ ತಿಂಗಳಂತೂ ನೆನಪಿದೆಯಲ್ಲ, ಅಂಗಡಿ ಬೆಳಗ್ಗೆ 6ರಿಂದ 10 ಮಾತ್ರ. ನಂದಿನಿ ಬೂತಿನ ಸಾಲು, ವೈನ್ ಶಾಪಿನ ಸಾಲು ಅಕ್ಕಪಕ್ಕ. ನಮ್ಮ ಬೀದಿಯ ಒಬ್ಬರು ಒಂದೇ ಚೀಲದಲ್ಲಿ ಎರಡನ್ನೂ ತಗೊಂಡು ಹೋಗ್ತಿದ್ರು.

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಅವರ ಮಾತನ್ನ ಯಾರೂ ಹಗುರ ಮಾಡಬೇಡಿ. ರಾಜ್ಯದಲ್ಲಿ ಖರ್ಚಾಗುವ ಹಾಟ್ ಡ್ರಿಂಕ್ಸ್‌ನಲ್ಲಿ (ವಿಸ್ಕಿ, ಬ್ರಾಂದಿ, ರಮ್) ಬಹುಪಾಲು ಕೆಳಗಿನ ಸ್ಲ್ಯಾಬಿನ, ಅಂದ್ರೆ ಕೆಳಗಿನ ದರದ ಹಂತದ, ಅಗ್ಗದ ಮಾಲು. ಖಜಾನೆ ನಿಂತಿರೋದು ಇಂದಿರಾನಗರದ ಕ್ರಾಫ್ಟ್ ಬಿಯರ್ ಮೇಲಲ್ಲ, ಲಿಂಗಸುಗೂರಿನ 180 ಎಂಎಲ್ ಪಾಕೀಟಿನ ಮೇಲೆ.

ಚರ್ಚ್ ಸ್ಟ್ರೀಟ್ ಹಳಬ

ಹಾಗಾದ್ರೆ ಕೇಂದ್ರದ 20 ಲಕ್ಷ ಕೋಟಿ ಪ್ಯಾಕೇಜ್‌ನಲ್ಲಿ ಪಬ್ಬಿನವರಿಗೆ ಏನೂ ದಕ್ಕಲಿಲ್ವಾ?

ಹಳೇ ಲೆಕ್ಕಿಗ

ದಕ್ಕಿದ್ದು ಸಾಲ. ಆಧಾರ ಇಲ್ಲದೆ ತುರ್ತು ಸಾಲ ಅಂದರು. ಓದಿ ನೋಡಿದ್ರೆ, ಮೊದಲೇ ಇರುವ ಸಾಲದ ಶೇ. 20ರಷ್ಟು ಹೊಸ ಸಾಲ. ನಮ್ಮ ಮಾಲೀಕರು ಹಳೇ ಕಾಲದ ಮನುಷ್ಯ, ಬ್ಯಾಂಕಿಗೆ ಒಂದು ರೂಪಾಯಿ ಬಾಕಿ ಇರಲಿಲ್ಲ. ಸೊನ್ನೆಗೆ ಶೇ. 20 ಎಷ್ಟು? ಬ್ಯಾಂಕ್ ಮ್ಯಾನೇಜರ್ ಕೂಡ ನಕ್ಕುಬಿಟ್ಟರು ಪಾಪ. ಹೋಟೆಲ್, ಪ್ರವಾಸದವರಿಗೆ ಅಂತ ಪ್ರತ್ಯೇಕವಾಗಿ ಶೇ. 40ಕ್ಕೆ ಏರಿಸಿದ್ದು 2021ರ ಮಾರ್ಚ್ ಕೊನೆಗೆ. ಸೊನ್ನೆಗೆ ಅದೂ ಅಷ್ಟೇ.

ನಮ್ಮನ್ನ ಮುಗಿಸಿದ್ದು ಎರಡನೇ ಸಲದ್ದು. ಮೊದಲನೇ ಸಲ ಸೆಪ್ಟೆಂಬರ್ 1ಕ್ಕೆ ತೆಗೆದಾಗ ಅರ್ಧ ಕುರ್ಚಿಗೆ ಕೆಂಪು ಟೇಪಿನ ಅಡ್ಡಗೆರೆ, ಬಾಗಿಲಲ್ಲಿ ಜ್ವರ ನೋಡೋಕೆ ಹಣೆಗೆ ಗನ್ ಹಿಡಿಯೋ ಹುಡುಗ. ಆದ್ರೂ ಡಿಸೆಂಬರ್ ಹೊತ್ತಿಗೆ ಬಾಡಿಗೆ ಹುಟ್ಟುತ್ತಿತ್ತು. 2021ರ ಏಪ್ರಿಲ್‌ನಲ್ಲಿ ಮತ್ತೆ ಬೀಗ. ಜುಲೈ 5ರ ಅನ್‌ಲಾಕ್‌ನಲ್ಲಿ ಬಾರ್‌ಗಳಿಗೆ ಅನುಮತಿ ಕೊಟ್ಟು, ಪಬ್ ಮಾತ್ರ ಬಂದ್ ಅಂದರು. ನಮ್ಮ ಲೈಸೆನ್ಸ್ ಸಿಎಲ್-9. ಕಾಗದದ ಲೆಕ್ಕದಲ್ಲಿ ಅದು ಬಾರ್ ಅಂಡ್ ರೆಸ್ಟೋರೆಂಟ್. ಬೋರ್ಡಿನಲ್ಲಿ ಇರೋದು ಪಬ್. ನಾವು ಯಾವುದು? ಒಬ್ಬ ಅಧಿಕಾರಿ 'ತೆಗೀರಿ' ಅಂದರು, ಇನ್ನೊಬ್ಬರು ಬಂದು 'ಯಾರು ಹೇಳಿದ್ದು' ಅಂದರು. ಬೋರ್ಡ್ ಮೇಲೆ ಬಟ್ಟೆ ಮುಚ್ಚಿ ನಾಲ್ಕು ದಿನ ನಡೆಸಿ, ಹೆದರಿ ನಿಲ್ಲಿಸಿದೆವು. ಪಬ್ಬುಗಳಿಗೆ ಅಂತ ಬಾಗಿಲು ತೆರೆದಿದ್ದು ಅಕ್ಟೋಬರ್ ಮೊದಲ ವಾರ. ಡಿಸೆಂಬರ್ 28ಕ್ಕೆ ಮತ್ತೆ ರಾತ್ರಿ ಕರ್ಫ್ಯೂ, ಹೊಸ ವರ್ಷದ ವ್ಯಾಪಾರ ಮಣ್ಣು. ಪಬ್ಬಿನವನಿಗೆ ಡಿಸೆಂಬರ್ 31 ಅಂದ್ರೆ ರೈತನಿಗೆ ಸುಗ್ಗಿ ಇದ್ದ ಹಾಗೆ. ಜನವರಿಯಲ್ಲಿ ವೀಕೆಂಡ್ ಕರ್ಫ್ಯೂ. ಜನವರಿ 31ಕ್ಕೆ ನಿರ್ಬಂಧ ಸಡಿಲ ಆದಾಗ ನಾವು ಡೆಪಾಸಿಟ್ ವಾಪಸ್ ತಗೊಳ್ಳೋ ಮಾತುಕತೆಯಲ್ಲಿದ್ದೆವು.

ಮುಚ್ಚಿಸಿದ್ದೇ ತಪ್ಪು ಅಂತ ನಾನು ವಾದ ಮಾಡಲ್ಲ. ಎಸಿ ಹಾಕಿದ, ಕಿಟಕಿ ಮುಚ್ಚಿದ ಜಾಗದಲ್ಲಿ ಜನ ಮೂತಿಗೆ ಮೂತಿ ತಂದು ಕಿರುಚಿ ಮಾತಾಡ್ತಾರೆ, ರೋಗಕ್ಕೆ ಅದಕ್ಕಿಂತ ಬೇಕಾ? ನನ್ನ ಸಿಟ್ಟು ಬೇರೆ. ಮುಚ್ಚು ಅಂದವರಿಗೆ ನಮ್ಮಿಂದ ನಷ್ಟ ಆಗಿದ್ರೆ ನಮ್ಮ ನೆನಪು ಇರ್ತಿತ್ತು.

ನೈಂಟಿ ನಾಗರಿಕ

ಲೆಕ್ಕಿಗರೇ, ಆ ಸಾಲಿಗೆ ನನ್ನ ಕಡೆಯಿಂದ ಒಂದು ಲಾರ್ಜ್.

ಲಿಂಗಸುಗೂರಿನ ಅಕ್ಕ

ಲಾರ್ಜ್ ಬ್ಯಾಡ, ಮಜ್ಜಿಗಿ ಕುಡೀರಿ. ಲೆಕ್ಕಿಗ ಅಣ್ಣಾ, ನಿಮ್ಮ ಪುಸ್ತಕದಾಗ ಆ ಹನ್ನೊಂದು ಕೆಗ್ಗಿನ ಸುಂಕ ವಾಪಸ್ ಬಂತೇನ್ರಿ?

ಹಳೇ ಲೆಕ್ಕಿಗ

ಇಲ್ಲ ಅಕ್ಕ. ಅರ್ಜಿ ಕೊಟ್ಟಿದ್ದೆವು. ಸ್ವೀಕೃತಿ ಸೀಲ್ ಬಿದ್ದ ಪ್ರತಿ ಈ ಡಬ್ಬದಲ್ಲೇ ಇದೆ.

ಚರ್ಚ್ ಸ್ಟ್ರೀಟ್ ಹಳಬ

ಗುರು, ಕೊನೇ ಪ್ರಶ್ನೆ. ಆ ದಪ್ಪ ಮಗ್‌ಗಳೆಲ್ಲ ಏನಾದವು?

ಹಳೇ ಲೆಕ್ಕಿಗ

ಕುರ್ಚಿ, ಟೇಬಲ್, ಫ್ರೈಯರ್ ಎಲ್ಲ ಸೆಕೆಂಡ್ ಹ್ಯಾಂಡ್ ಕಿಚನ್ ಸಾಮಾನಿನವರು ಒಂದೇ ಲಾಟಿನಲ್ಲಿ ಹೊತ್ತರು. ಮಗ್‌ಗಳನ್ನ ಅವರೂ ಬೇಡ ಅಂದರು, ಆ ವರ್ಷ ಊರಿಗೆಲ್ಲ ಮಗ್ ಮಾರುವವರೇ. ಗುಜರಿಯವನು ಕೆಜಿ ಲೆಕ್ಕದಲ್ಲಿ ತೂಗಿದ. ನಾನು ಎರಡು ಎತ್ತಿಟ್ಟುಕೊಂಡೆ. ಒಂದರಲ್ಲಿ ಪೆನ್ನುಗಳಿವೆ. ಇನ್ನೊಂದು ಹೊಸ ಮನೆಗೆ ತರುವಾಗ ಹಿಡಿ ಮುರೀತು, ಹೆಂಡತಿ ಅದರಲ್ಲಿ ದೊಡ್ಡಪತ್ರೆ ನೆಟ್ಟಿದ್ದಾಳೆ. ಬೇಕಿದ್ರೆ ಪೆನ್ನಿಂದು ನಿಮಗೆ ಕೊಡ್ತೀನಿ, ಬಂದು ತಗೊಂಡು ಹೋಗಿ.